ಬಾಗಿಲ ಬುಟ್ಟಿಯ ಟೋಪಿ

ಚಿಟಿಕೆ ದೊಡ್ಡಪ್ಪ ಮೀಸೆ ಬೋಳಿಸಿಕೊಂಡರು ಎಂಬ ಸುದ್ದಿ ಬೀದಿಯ ಈ ತುದಿಯಿಂದ ಆ ತುದಿಗೆ ಮುಟ್ಟಲು ಒಂದು ಲೋಟ ಚಹಾ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. ಅಂಥಿಂಥ ಮೀಸೆಯಲ್ಲ ಅದು. ದೊಡ್ಡಮ್ಮ ಮದುವೆಗೆ ಹೂಂ ಎಂದದ್ದೇ ಆ ಮೀಸೆ ನೋಡಿ ಎಂದು ಮನೆಯವರೆಲ್ಲ ನಂಬಿದ್ದರು, ದೊಡ್ಡಮ್ಮ ಅಲ್ಲಗಳೆದವರೂ ಅಲ್ಲ. ಕ್ಷೌರದವನು ಕತ್ತಿ ಹಿಡಿದು, "ಮನೇಲಿ ಹೇಳಿದ್ದೀರಾ?" ಎಂದು ಮತ್ತೆ ಮತ್ತೆ ಕೇಳಿಯೇ ಕೈ ಹಚ್ಚಿದನಂತೆ.

ಊರ ಬಾಯಿಗೆ ಕೆಲಸ ಸಿಕ್ಕಿತು. ಬೆಳ್ಳಗಾಗಿತ್ತು, ಅದಕ್ಕೇ ತೆಗೆಸಿದ್ದು ಎಂದಳು ಹೂವಿನಂಗಡಿಯವಳು. ಯಾವುದೋ ಪಂದ್ಯ ಸೋತಿರಬೇಕು ಎಂದ ಗಡಿಯಾರದವನು. ದೊಡ್ಡಮ್ಮ ಮಾತ್ರ ಊಟಕ್ಕೆ ಕೂತ ಗಂಡನ ಮುಖವನ್ನು ಬಾಡಿಗೆಗೆ ಬಂದ ಹೊಸಬರನ್ನು ನೋಡುವಂತೆ ನೋಡಿದರು.

"ಏನೋ ಮುಚ್ಚಿಡ್ತಾ ಇದ್ದೀರಿ ನೀವು," ಎಂದರು ಕೊನೆಗೆ.

ದೊಡ್ಡಪ್ಪ ಥಟ್ಟನೆ ಎರಡೂ ಕೈಗಳನ್ನು ಮೇಜಿನ ಕೆಳಗೆ ಇಳಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಎಂಬ ಮಾತು ಸುಳ್ಳಲ್ಲ. ಅವರು ಮುಚ್ಚಿಟ್ಟದ್ದು ಕೈಯನ್ನೇ.

ದೊಡ್ಡಪ್ಪನವರದು ಟೋಪಿ ಮಾಡುವ ಮನೆತನ. "ಊರಿಗೆಲ್ಲ ಟೋಪಿ ಹಾಕಿ ಬದುಕಿದವರಪ್ಪ ನಾವು," ಎಂದು ಬೇರೆಯವರು ಹೇಳುವ ಮೊದಲೇ ಅವರೇ ಹೇಳಿ ನಗುತ್ತಿದ್ದರು. ಬೀದಿಗೆ ಮುಖ ಮಾಡಿದ ಅಂಗಡಿ ತಮ್ಮನದು. ಹಿಂದಿನ ಕೋಣೆಯಲ್ಲಿ ಆವಿ ಉಗುಳುವ ಕೆಟಲು, ಮರದ ತಲೆಗಳಂಥ ಅಚ್ಚುಗಳು, ಇಸ್ತ್ರಿಪೆಟ್ಟಿಗೆಗಳು, ಮೂಗಿಗೆ ಹತ್ತಿ ಸೀನು ತರಿಸುವ ತುಪ್ಪಳದ ದೂಳು. ಇವೆರಡರ ನಡುವೆ, ಕಿಟಕಿಯ ಪಕ್ಕ, ಒಂದು ಎತ್ತರದ ಮೇಜು ಮತ್ತು ಒಂದು ಕುರ್ಚಿ. ಆ ಕುರ್ಚಿ ದೊಡ್ಡಪ್ಪನದು. ಹಿಂದಿನ ಕೋಣೆಯಲ್ಲಿ ಹುಟ್ಟಿದ ಯಾವ ಟೋಪಿಯೂ ಆ ಮೇಜನ್ನು ಹಾಯದೆ ಅಂಗಡಿಯ ಗಾಜಿನ ಕಪಾಟಿಗೆ ಏರುವಂತಿರಲಿಲ್ಲ.

ನೆತ್ತಿಯ ಮೇಲೆ ಉದ್ದಕ್ಕೊಂದು ತಗ್ಗು, ಮುಂದೆ ಹೆಬ್ಬೆಟ್ಟು ಒತ್ತಿದ ಹಾಗೆ ಎರಡು ಗುಳಿ, ಸುತ್ತ ರಿಬ್ಬನ್, ಮುಂದೆ ತುಸು ಬಾಗಿ ಹಿಂದೆ ತುಸು ಏಳುವ ಅಂಚು. ಫೆಡೋರಾ ಎಂದರೆ ಇಷ್ಟು ಎಂದು ಯಾರು ಬೇಕಾದರೂ ಹೇಳಿಯಾರು. ಅದು ಒಳ್ಳೆಯದೋ ಬರೀ ಒಳ್ಳೆಯದರ ವೇಷವೋ ಎಂದು ಹೇಳಲು ದೊಡ್ಡಪ್ಪನೇ ಬೇಕು. ಅವರು ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಗಡಿಯಾರದ ಮುಳ್ಳಿನ ಹಾಗೆ ನಿಧಾನಕ್ಕೆ ಒಂದು ಸುತ್ತು ತಿರುಗಿಸುವರು. ದಪ್ಪ ಒಂದೇ ಸಮ ಇರಬೇಕು, ಎಲ್ಲೂ ಗಂಟಿರಬಾರದು. ಮೊಲದ ತುಪ್ಪಳ ಒತ್ತಿ ಮಾಡಿದ ಫೆಲ್ಟ್ ಬಟ್ಟೆಯಾದರೆ ಬೆರಳಿಗೆ ಮಗುವಿನ ಕಿವಿ ಹಿಡಿದಂತೆ ಆಗಬೇಕು. ಕುರಿ ಉಣ್ಣೆ ಬೆರೆಸಿದ್ದರೆ ಒರಟು, ಅಂಟು ಬಳಿದು ನಿಲ್ಲಿಸಿದ್ದರೆ ಹಪ್ಪಳದ ಗಡಸು. ಆಮೇಲೆ ನೆತ್ತಿಯನ್ನು ಅಮುಕಿ ಬಿಡುವರು, ಅದು ತಾನಾಗಿ ಎದ್ದು ಕೂರಬೇಕು. ಕೊನೆಗೆ ಕಿವಿಯ ಹತ್ತಿರ ಹಿಡಿದು ಅಂಚಿಗೊಂದು ಚಿಟಿಕೆ ಹೊಡೆದು ದನಿ ಕೇಳುವರು. ಹೆಸರು ಬಂದದ್ದು ಅದರಿಂದಲೇ.

ಎಲ್ಲ ಸರಿಯಿದ್ದರೆ ಮೇಣದ ದೀಪದಲ್ಲಿ ಕಾಯಿಸಿದ ಹಿತ್ತಾಳೆಯ ಮುದ್ರೆಯನ್ನು ಒಳಗಿನ ಚರ್ಮದ ಪಟ್ಟಿಗೆ ಒತ್ತುವರು. ಇಲ್ಲದಿದ್ದರೆ ಒಂದೇ ಮಾತು: "ಬುಟ್ಟಿಗೆ." ಅಂಗಡಿಯ ಬಾಗಿಲಲ್ಲಿದ್ದ ಬೆತ್ತದ ಬುಟ್ಟಿಯಲ್ಲಿ ಮುದ್ರೆಯಿಲ್ಲದ ಟೋಪಿಗಳು ಕಮ್ಮಿ ಬೆಲೆಗೆ ಸಿಕ್ಕವರ ತಲೆಗೆ ಹೋಗುತ್ತಿದ್ದವು.

ಮನೆಗೆ ಇನ್ನೊಂದು ಕಟ್ಟಳೆಯಿತ್ತು. ಯಾರೂ ತಾವು ಮಾಡಿದ ಟೋಪಿಗೆ ತಾವೇ ಮುದ್ರೆ ಒತ್ತುವಂತಿಲ್ಲ. ದೊಡ್ಡಪ್ಪ ಮಾಡಿದ ಟೋಪಿಗಳನ್ನು ಒಂದು ಕಾಲಕ್ಕೆ ಅವರಪ್ಪ ನೋಡುತ್ತಿದ್ದರು. ಅಪ್ಪ ಹೋದ ಮೇಲೆ ಅವರ ಮೇಲೆ ಯಾರೂ ಇರಲಿಲ್ಲ. ಹಾಗಾಗಿ ಊರ ತಲೆಗಳಿಗೆಲ್ಲ ಮುದ್ರೆ ಒತ್ತುವವರು ತಾವು ಮಾತ್ರ ಮುದ್ರೆಯಿಲ್ಲದ ಟೋಪಿ ಹಾಕಿಕೊಂಡು ಓಡಾಡುತ್ತಿದ್ದರು. ಅದರಲ್ಲಿ ಅವರಿಗೆ ಸ್ವಲ್ಪ ಜಂಬವೂ ಇತ್ತು, ಸ್ವಲ್ಪ ಬೇಜಾರೂ ಇತ್ತು.

ಇಂಥವರ ಬೆರಳು ಸತ್ತುಹೋಯಿತು.

ಒಂದೇ ದಿನಕ್ಕೆ ಸತ್ತದ್ದಲ್ಲ. ಮೊದಲು ಜೋಮು, ಆಮೇಲೆ ಮರಗಟ್ಟಿದ ಹಾಗೆ. ವಯಸ್ಸೋ, ವರ್ಷಗಟ್ಟಲೆ ತಿಂದ ಆವಿಯೋ. ಒಂದು ಚಳಿಯ ಬೆಳಗ್ಗೆ ಅಂಚು ಹಿಡಿದು ತಿರುಗಿಸುತ್ತಾರೆ, ಏನೂ ಇಲ್ಲ. ಮೊಲವೂ ಇಲ್ಲ, ಕುರಿಯೂ ಇಲ್ಲ. ಗಾಳಿ ಹಿಡಿದ ಹಾಗೆ. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಟೋಪಿಯನ್ನು ಮುಖದ ಹತ್ತಿರ ತಂದು ಮೇಲ್ದುಟಿಗೆ ಸವರಿದರು. ಮೀಸೆಯ ನಡುವಿನಿಂದ, ದೂರದಿಂದ ಯಾರೋ ಕೂಗಿದಂತೆ, ತುಸು ಮೆತ್ತಗೆ ತಾಕಿತು. ಮರುದಿನವೇ ಅವರು ಕ್ಷೌರಕ್ಕೆ ಹೋದದ್ದು.

ಬೆರಳು ಹೋಯಿತು ಎಂದರೆ ಕುರ್ಚಿ ಹೋಯಿತು ಎಂದೇ ಅರ್ಥ. ಕುರ್ಚಿ ಹೋದ ಮೇಲೆ ತಾನು ಯಾರು ಎಂದು ಅವರಿಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ಆಸೆಯೂ ಇರಲಿಲ್ಲ.

ತಮಾಷೆ ಶುರುವಾದದ್ದು ಅಲ್ಲಿಂದ. ದೊಡ್ಡಪ್ಪ ಕಣ್ಣು ಮುಚ್ಚಿ ಟೋಪಿಯನ್ನು ತುಟಿಗೆ ಸವರುವುದನ್ನು ಗಾಜಿನಾಚೆಯಿಂದ ಗಿರಾಕಿಗಳು ಕಂಡರು. ಇದೇನು ಎಂದು ತಮ್ಮನನ್ನು ಕೇಳಿದರು. ತಮ್ಮ ವ್ಯಾಪಾರದವನು, ಗೊತ್ತಿಲ್ಲ ಎಂಬ ಮಾತು ಅವನ ಬಾಯಲ್ಲಿ ಬಂದದ್ದೇ ಇಲ್ಲ. "ಬೆರಳಿಂದ ನೋಡೋದು ಪಾಠಶಾಲೆ ಮಟ್ಟ. ತುಟಿಯಿಂದ ನೋಡೋದು ಅದರ ಮೇಲಿಂದು," ಎಂದುಬಿಟ್ಟ. ಅಂದಿನಿಂದ ಗಿರಾಕಿಗಳೂ ಸವರತೊಡಗಿದರು. ಶಾಲೆಯ ಮುಖ್ಯೋಪಾಧ್ಯಾಯರು ಬೂದು ಬಣ್ಣದ್ದನ್ನು ಸವರಿ, "ಆಹಾ, ಗೊತ್ತಾಗ್ತದೆ," ಎಂದು ಕೊಂಡರು. ಏನು ಗೊತ್ತಾಯಿತೋ ಅವರಿಗೇ ಗೊತ್ತು. ತುಟಿಗೆ ಬಣ್ಣ ಹಚ್ಚಿದ ಹೆಂಗಸೊಬ್ಬಳು ಬಿಳಿ ಫೆಡೋರಾ ಸವರಿದ ದಿನ ತಮ್ಮನ ಉತ್ಸಾಹ ಕೊಂಚ ಇಳಿಯಿತು.

ತುಟಿಗೆ ನುಣುಪು ತಿಳಿಯುತ್ತಿತ್ತು, ನಿಜ. ಅಂಚಿನ ದಪ್ಪ ತಿಳಿಯುತ್ತಿರಲಿಲ್ಲ. ಅದನ್ನು ದೊಡ್ಡಪ್ಪ ಅಂದಾಜಿನ ಮೇಲೆ ಸಾಗಿಸಿದರು. ಅದೃಷ್ಟವೆಂದರೆ ಅದೃಷ್ಟ, ಮುದ್ರೆ ಒತ್ತಿದ ಒಂದು ಟೋಪಿಯೂ ದೂರು ಹೊತ್ತು ವಾಪಸು ಬರಲಿಲ್ಲ. ಬರುಬರುತ್ತಾ ಅವರಿಗೆ ಧೈರ್ಯವೂ ಬಂತು. ತುಟಿಯೇ ಮೇಲೇನೋ ಎಂದು ತಾವೇ ನಂಬುವ ಮಟ್ಟಕ್ಕೆ ಬಂದರು.

ವರ್ಷ ತಿರುಗಿ ಮತ್ತೆ ಚಳಿ ಬಿದ್ದಾಗ ತಮ್ಮ ಬಂದು ಮೇಜಿಗೆ ಒರಗಿ ನಿಂತ.

"ಅಣ್ಣ, ಬುಟ್ಟಿ ಖಾಲಿ ಹೊಡೀತಾ ಇದೆ."

"ಒಳ್ಳೇದೇ ಅಲ್ವಾ?"

"ಒಳ್ಳೇದೇ. ಆದ್ರೆ ಜನ ಕೇಳ್ತಾರೆ, ಚಿಟಿಕೆಯವರು ಮೆತ್ತಗಾದ್ರಾ ಅಂತ. ಬುಟ್ಟಿ ತುಂಬಿದ್ರೇನೇ ಕಪಾಟಿಗೆ ಮರ್ಯಾದೆ."

ದೊಡ್ಡಪ್ಪನಿಗೆ ಚುರುಕ್ ಎಂದಿತು. ಹೌದಲ್ಲ, ಯಾಕೆ ಎಲ್ಲವೂ ಪಾಸಾಗುತ್ತಿವೆ? ತನಗೆ ತಪ್ಪು ಕಾಣುತ್ತಿಲ್ಲ ಎಂದೇ ಅಲ್ಲವೇ? ಜೊತೆಗೆ ಆ ವಾರ ನೆಗಡಿ, ಚಳಿಗೆ ತುಟಿ ಒಡೆದು ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತ್ತು. ರೇಷ್ಮೆ ಸವರಿದರೂ ಉರಿ, ಗೋಣಿ ಸವರಿದರೂ ಉರಿ. ಅವರು ಒಂದು ಉಪಾಯ ಹೂಡಿದರು. ನಡುನಡುವೆ, ಮನಸ್ಸಿಗೆ ಬಂದಾಗ, ಮುಖ ಗಂಟು ಹಾಕಿ "ಬುಟ್ಟಿಗೆ" ಎಂದುಬಿಡುವುದು. ಸಂಶಯ ಬಂದದ್ದನ್ನು ತಳ್ಳಿದರೆ ನಷ್ಟವೇನು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಬುಟ್ಟಿ ತುಂಬಿತು, ತಮ್ಮನಿಗೆ ಖುಷಿಯಾಯಿತು.

ಅದೇ ವಾರ ಗುಬ್ಬಿ ತನ್ನ ಟೋಪಿ ತಂದಿಟ್ಟಳು.

ಗುಬ್ಬಿ ಎಂದರೆ ತಮ್ಮನ ಮಗಳು. ಚಿಕ್ಕವಳಿದ್ದಾಗ ಅಚ್ಚುಗಳ ನಡುವೆ ಪುರ್ರನೆ ಓಡಾಡುತ್ತಿದ್ದುದಕ್ಕೆ ಬಂದ ಹೆಸರು, ಮೂವತ್ತು ದಾಟಿದರೂ ಬಿಟ್ಟುಹೋಗಲಿಲ್ಲ. ಕೆಲಸದವರ ಸಮೇತ ಹಿಂದಿನ ಕೋಣೆ ನಡೆಯುತ್ತಿದ್ದುದು ಅವಳ ಕೈಯಲ್ಲಿ. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ, ಆವಿಯಲ್ಲಿ ಫೆಲ್ಟ್ ಎಳೆಯುವುದನ್ನು ಅವಳ ಪುಟ್ಟ ಕೈ ಹಿಡಿದು ಕಲಿಸಿದವರು ಅವರೇ. ಮುಂದೆ ಆ ಕುರ್ಚಿಯಲ್ಲಿ ಕೂರುವವರು ಯಾರ ಸಹಾಯವೂ ಇಲ್ಲದೆ ಒಂದು ಟೋಪಿ ಮಾಡಿ ಮುದ್ರೆ ಗಿಟ್ಟಿಸಬೇಕು ಎಂಬುದು ಮನೆಯ ಹಳೆಯ ಪದ್ಧತಿ. ಅವಳು ತಂದದ್ದು ಆ ಟೋಪಿ. ಕಂದು ಬಣ್ಣ, ಹದವಾದ ಎತ್ತರ, ಅಂಚು ಜಾಸ್ತಿ ಅಗಲವೂ ಅಲ್ಲ, ಜಿಪುಣರದ್ದರ ಹಾಗೆ ಕಿರಿದೂ ಅಲ್ಲ. ರಿಬ್ಬನ್ನಿನ ಗಂಟನ್ನು ಚಪ್ಪಟೆಯಾಗಿ, ಮಡಿಸಿದ ಎಲೆಯ ಹಾಗೆ ಕಟ್ಟಿದ್ದಳು. ಕಣ್ಣಿಗಂತೂ ಎಲ್ಲ ಸರಿಯಾಗಿತ್ತು.

ದೊಡ್ಡಪ್ಪ ತಿರುಗಿಸಿದರು. ಬೆರಳು ಮೂಕ. ಸವರಿದರು. ತುಟಿ ಉರಿಯಿತು. ಚಿಟಿಕೆ ಹೊಡೆದರು, ನೆಗಡಿಗೆ ಕಿವಿಯೂ ಗುಂಯ್ ಎನ್ನುತ್ತಿತ್ತು. ಪಾಸು ಎಂದರೆ, ಸರಿಯಿಲ್ಲದ ಟೋಪಿಗೆ ಮನೆಯ ಮುದ್ರೆ ಬಿದ್ದೀತು. ಪಾಸು ಎಂದರೆ, ಕುರ್ಚಿಗೆ ಇನ್ನೊಬ್ಬರು ಬಂದಂತಾದೀತು. ಎರಡರಲ್ಲಿ ಯಾವ ಹೆದರಿಕೆ ದೊಡ್ಡದಿತ್ತೋ ಅವರು ಆಗ ಯೋಚಿಸಲಿಲ್ಲ.

"ಬುಟ್ಟಿಗೆ," ಎಂದರು.

"ಯಾವ ಕಡೆ, ದೊಡ್ಡಪ್ಪ?"

"ಅಂಚು. ಎಡಗಡೆ ದಪ್ಪ."

ಅವಳು ಟೋಪಿ ಎತ್ತಿಕೊಂಡು ಎಡಗಡೆಯ ಅಂಚನ್ನು ಒಂದು ಸಲ ಹಿಡಿದು ನೋಡಿದಳು. ದೊಡ್ಡಪ್ಪನ ಮುಖವನ್ನೂ ಒಂದು ಸಲ ನೋಡಿದಳು. ಆಮೇಲೆ ತಾನೇ ಹೋಗಿ ಬುಟ್ಟಿಗೆ ಹಾಕಿ, ಕೆಟಲಿಗೆ ನೀರು ತುಂಬಲು ಹೊರಟಳು. ಜಗಳ ಮಾಡಿದ್ದರೆ ಎಷ್ಟೋ ಮೇಲಿತ್ತು. ಆ ದಿನ ದೊಡ್ಡಪ್ಪನಿಗೆ ಊಟ ಸೇರಲಿಲ್ಲ.

ಚಳಿ ಹರಿಯಿತು, ನೆಗಡಿ ಬಿಟ್ಟಿತು, ಮಳೆ ಹಿಡಿಯಿತು. ಒಂದು ಮಧ್ಯಾಹ್ನ ಬ್ಯಾಂಡಿನ ತುತ್ತೂರಿಯವನು ತೊಪ್ಪೆಯಾಗಿ ಒಳಗೆ ಬಂದ. ಕೋಟಿನಿಂದ ನೀರು ಸುರಿದು ಬಾಗಿಲಲ್ಲೇ ಸಣ್ಣ ಕೊಳವಾಯಿತು. ತಲೆಯ ಮೇಲೆ ಮಾತ್ರ ಒಂದು ಕಂದು ಫೆಡೋರಾ ಮದುಮಗನ ಹಾಗೆ ಕೂತಿತ್ತು.

"ಇಂಥದ್ದೇ ಇನ್ನೊಂದು ಬೇಕು, ನಮ್ಮ ಭಾವನಿಗೆ," ಎಂದ. "ಕಪಾಟಿಂದು ಬೇಡ. ಬುಟ್ಟಿಂದೇ ಬೇಕು."

ತಮ್ಮನ ಮುಖ ಹುಳ್ಳಗಾಯಿತು. "ಕಪಾಟಲ್ಲಿ ಅದಕ್ಕಿಂತ ಚೆನ್ನಾಗಿರೋವು ಇದಾವೆ, ನೋಡಿ."

"ಇರಬಹುದಪ್ಪ. ನಾನು ಬೆಳಗ್ಗಿಂದ ಮಳೇಲಿ ನಿಂತು ಊದಿದ್ದೀನಿ. ನಮ್ಮ ಡೋಲಿನವನ ಟೋಪಿ ನೆನೆದು ಕಿವಿ ಮುಚ್ಚಿಕೊಂಡು, ಅವನಿಗೆ ತಾಳವೇ ಕೇಳಿಸಲಿಲ್ಲ. ನಂದು ನೋಡಿ."

ದೊಡ್ಡಪ್ಪ ಕುರ್ಚಿಯಿಂದ ಎದ್ದು ಬಂದು ಕೈ ಚಾಚಿದರು. ನೀರು ಫೆಲ್ಟಿನ ಮೇಲೆ ಮಣಿಮಣಿಯಾಗಿ ನಿಂತಿತ್ತು. ಕೊಡವಿದರೆ ಅಷ್ಟೂ ಉದುರಿತು, ಒಂದು ಹನಿ ಒಳಗಿಳಿದಿರಲಿಲ್ಲ. ಅಂಚು ಅಲುಗಿರಲಿಲ್ಲ. ನೆತ್ತಿ ಅಮುಕಿದರೆ ನಿದ್ದೆಯಿಂದ ಎದ್ದವರ ಹಾಗೆ ನಿಧಾನಕ್ಕೆ ಎದ್ದು ಕೂತಿತು. ಒಳಗೆ ಮುದ್ರೆಯಿರಲಿಲ್ಲ. ರಿಬ್ಬನ್ನಿನ ಗಂಟು ಮಡಿಸಿದ ಎಲೆಯ ಹಾಗೆ ಚಪ್ಪಟೆಯಾಗಿತ್ತು. ಅವರು ಕಿವಿಯ ಹತ್ತಿರ ಹಿಡಿದು ಚಿಟಿಕೆ ಹೊಡೆದರು. ಈಗ ಕಿವಿ ತಿಳಿಯಾಗಿತ್ತು. ಎಡಗಡೆಯೂ ಬಲಗಡೆಯೂ ಒಂದೇ ದನಿ. ಅಪ್ಪನ ಕಾಲದ ಟೋಪಿಗಳಲ್ಲಿ ಕೇಳುತ್ತಿದ್ದ ದನಿ ಅದು.

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದುಕೊಳ್ಳೋಣವೆಂದರೆ ದೊಡ್ಡಪ್ಪನಿಗೆ ಈಗ ಮೀಸೆಯೂ ಇರಲಿಲ್ಲ.

ಅವರು ಟೋಪಿಯನ್ನು ತುತ್ತೂರಿಯವನಿಗೆ ವಾಪಸು ಕೊಟ್ಟು ನೇರ ಹಿಂದಿನ ಕೋಣೆಗೆ ನಡೆದರು. ಗುಬ್ಬಿ ದಾರ ತರಲು ಆಚೆ ಹೋಗಿದ್ದಳು. ಬಂದಾಗ ಏನು ಹೇಳುವುದು ಎಂದು ಯೋಚಿಸುತ್ತಾ ಅವಳ ಬೆಂಚಿನ ಮೇಲೆ ಕೂತರು. ಕಾಲಿಗೆ ಏನೋ ತಾಕಿತು. ಬೆಂಚಿನ ಕೆಳಗಿನ ಪರದೆ ಸರಿಸಿದರೆ ಟೋಪಿಗಳು, ಒಂದರೊಳಗೊಂದು ಸೇರಿಸಿ ಗೋಡೆಯವರೆಗೂ ಜೋಡಿಸಿದ ಟೋಪಿಗಳು. ಒಂದನ್ನು ಎಳೆದು ನೋಡಿದರು. ಅಂಚಿನ ಮೇಲೆ ಸೀಮೆಸುಣ್ಣದ ಸಣ್ಣ ಗೀಟು. ಅದು ಗಂಟು ಇದ್ದ ಜಾಗ ಎಂದು ಕಣ್ಣಿಗೇ ಕಾಣುತ್ತಿತ್ತು. ಇನ್ನೊಂದರ ನೆತ್ತಿಗೆ ಗೀಟು, ಅಮುಕಿದರೆ ಏಳಲಿಲ್ಲ. ಮತ್ತೊಂದು ಚಿಟಿಕೆಗೆ ತಗಡಿನ ಹಾಗೆ ಸದ್ದು ಮಾಡಿತು, ಅಂಟು ಬಳಿದಿತ್ತು. ಎಲ್ಲವೂ ಬುಟ್ಟಿಗೆ ಹೋಗಬೇಕಾದ ಟೋಪಿಗಳೇ. ಒಂದೂ ಅವರ ಮೇಜಿಗೆ ಬಂದಿರಲಿಲ್ಲ.

ದೊಡ್ಡಪ್ಪನಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ವರ್ಷವಿಡೀ ಅವರ ಮೇಜಿಗೆ ಬಂದದ್ದು ಬರೀ ಒಳ್ಳೆಯ ಟೋಪಿ. ಸೋಸಿದ ಮೇಲಿನ ಚಹಾ ಕುಡಿದು, ನನ್ನ ಬಾಯಿಗೆ ಚರಟವೇ ಬರುವುದಿಲ್ಲ ನೋಡಿ ಎಂದು ಬೀಗಿದಂತೆ. ಅಂದಮೇಲೆ ತಾವು ಮುಖ ಗಂಟು ಹಾಕಿ ಬುಟ್ಟಿಗೆಸೆದವೆಲ್ಲ ಒಳ್ಳೆಯವೇ. ಮೊದಲು ಸಿಟ್ಟು ಬಂತು. ಹಿಂದೆಯೇ ನಾಚಿಕೆ ಬಂದು ಸಿಟ್ಟನ್ನು ಪಕ್ಕಕ್ಕೆ ತಳ್ಳಿತು.

ಗುಬ್ಬಿ ದಾರದ ಉಂಡೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಯಾವಾಗಿಂದ ಗೊತ್ತು ನಿಂಗೆ?" ಎಂದರು ದೊಡ್ಡಪ್ಪ.

"ಹೋದ ವರ್ಷ ಕೆಟಲು ಎತ್ತಿದ್ರಲ್ಲ, ಹಿಡಿಕೆ ಬಿಟ್ಟು ಹೊಟ್ಟೇನೇ ಹಿಡ್ಕೊಂಡು. ನೀರು ಕುದೀತಾ ಇತ್ತು. ನೀವು ಮಾತಾಡ್ತಾ ಮಾತಾಡ್ತಾ ಕೆಳಗಿಟ್ರಿ. ಆಮೇಲೆ ಬೊಬ್ಬೆ ಎದ್ದಿದ್ದು ನೋಡಿ ಸೊಳ್ಳೆ ಕಚ್ಚಿದೆ ಅಂದ್ರಿ."

"ಹೇಳೋದಲ್ವಾ?"

"ಏನಂತ ಹೇಳ್ಲಿ? ನೀವು ಕುರ್ಚಿ ಬಿಟ್ರೆ ಊಟಾನೂ ಬಿಡ್ತೀರಿ ಅಂತ ದೊಡ್ಡಮ್ಮ ಹೇಳ್ತಿರ್ತಾರೆ." ಅವಳು ಉಂಡೆಯನ್ನು ಬೆಂಚಿನ ಮೇಲಿಟ್ಟಳು. "ಮೇಜಿಗೆ ಕೆಟ್ಟದ್ದು ಬರದಿದ್ರೆ ನೀವು ತಪ್ಪೋ ಹಾಗೇ ಇಲ್ಲ ಅಂದ್ಕೊಂಡೆ. ನೀವು ಒಳ್ಳೇದನ್ನೇ ತಳ್ತೀರಿ ಅಂತ ನಂಗೇನು ಗೊತ್ತು?"

ದೊಡ್ಡಪ್ಪನಿಗೆ ಸಹಿಸಲಾಗಲಿಲ್ಲ. "ಬಾ ಇಲ್ಲಿ," ಎಂದು ಎದ್ದರು.

ಅಂಗಡಿಯಲ್ಲಿ ತುತ್ತೂರಿಯವನು ಇನ್ನೂ ಬುಟ್ಟಿ ಕೆದಕುತ್ತಿದ್ದ. ದೊಡ್ಡಪ್ಪ ಕುರ್ಚಿಯ ಪಕ್ಕ ನಿಂತರು, ಕೂರಲಿಲ್ಲ.

"ತಮ್ಮ, ಇವರ ತಲೆ ಮೇಲಿರೋದು ಗುಬ್ಬಿ ಟೋಪಿ. ಅದನ್ನ ಬುಟ್ಟಿಗೆ ಹಾಕಿಸಿದ್ದು ನನ್ನ ತಪ್ಪು. ನನ್ನ ಬೆರಳಿಗೆ ಈಗ ಏನೂ ತಿಳಿಯಲ್ಲ. ಹೋದದ್ದರ ಹಿಂದಿನ ಚಳಿಗಾಲದಿಂದಾನೂ."

ತಮ್ಮ ಬಾಯಿ ತೆರೆದ. "ಮತ್ತೆ ತುಟಿ?"

"ತುಟಿ ಬರೀ ನಾಟಕ."

"ಊರಿಗೆಲ್ಲ ಹೇಳಿಕೊಟ್ನಲ್ಲ ಅಣ್ಣ," ಎಂದು ತಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡ. "ಮುಖ್ಯೋಪಾಧ್ಯಾಯರು ಈಗ ಕೋಟನ್ನೂ ಸವರಿ ನೋಡ್ತಾರಂತೆ."

ದೊಡ್ಡಪ್ಪ ಮೇಜಿನ ಮೇಲಿದ್ದ ಹಿತ್ತಾಳೆಯ ಮುದ್ರೆ ಎತ್ತಿ ಗುಬ್ಬಿಯ ಅಂಗೈಯಲ್ಲಿಟ್ಟರು. ಅದು ತಣ್ಣಗಿತ್ತೋ ಬೆಚ್ಚಗಿತ್ತೋ ಅವರ ಬೆರಳಿಗೆ ಗೊತ್ತಾಗಲಿಲ್ಲ. ಅವಳ ಟೋಪಿಗೆ ಮಾತ್ರ ತಾವೇ ಒತ್ತುವುದಾಗಿ ಹೇಳಿ ಮುದ್ರೆಯನ್ನು ವಾಪಸು ಇಸಿದುಕೊಂಡು, ದೀಪದಲ್ಲಿ ಕಾಯಿಸಿ ಒತ್ತಿ, ದೀಪ ಆರಿಸಿ ಮುದ್ರೆಯನ್ನು ಮೇಜಿನ ಮೇಲಿಟ್ಟರು. ತುತ್ತೂರಿಯವನು ಅದನ್ನು ವಾಪಸು ತಲೆಗಿಟ್ಟುಕೊಂಡು, ಈಗ ಬೆಲೆ ಜಾಸ್ತಿ ಕೇಳಬೇಡಿ ಎಂದ.

"ಇನ್ನು ಕುರ್ಚಿ ಮೇಲೆ ಕೂರು," ಎಂದರು ದೊಡ್ಡಪ್ಪ. ಅವಳು ತುದಿಯಲ್ಲಿ ಕೂತಳು. ಅವರು ಗೂಟದಿಂದ ತಮ್ಮ ಟೋಪಿ ತೆಗೆದು ಅವಳ ಮುಂದಿಟ್ಟರು. ಬೂದು ಫೆಡೋರಾ, ಹೋದ ತಿಂಗಳು ಭಾನುವಾರಗಳಲ್ಲಿ ಒಬ್ಬರೇ ಕೂತು ಮಾಡಿದ್ದು. "ಅಪ್ಪ ಹೋದ ಮೇಲೆ ನನ್ನ ಟೋಪಿ ನೋಡೋರಿಲ್ಲ. ನೋಡು."

"ದೊಡ್ಡಪ್ಪ, ಇವತ್ತೇ ಬೇಕಾ?"

"ಇವತ್ತೇ."

ಗುಬ್ಬಿ ಅಂಚು ಹಿಡಿದು ತಿರುಗಿಸಿದಳು. ಅವಳ ಹೆಬ್ಬೆರಳು ಒಂದು ಕಡೆ ನಿಂತು, ಹಿಂದೆ ಬಂದು, ಮತ್ತೆ ಅಲ್ಲಿಗೇ ಹೋಯಿತು. ನೆತ್ತಿ ಅಮುಕಿದಳು. ಚಿಟಿಕೆ ಹೊಡೆದಳು. ಮತ್ತೆ ಮೇಣದ ದೀಪ ಹಚ್ಚಿ ಮುದ್ರೆಯನ್ನು ಅದರ ಮೇಲೆ ಹಿಡಿದಳು. ದೊಡ್ಡಪ್ಪನ ಕಣ್ಣು ಮುದ್ರೆಯ ಮೇಲೇ ಇತ್ತು. ವರ್ಷಕ್ಕೂ ಮೇಲೆ ತನ್ನನ್ನು ಕಾಪಾಡಿದ ಹುಡುಗಿ ಇವಳು. ಈಗಲೂ ಕಾಪಾಡಿಬಿಟ್ಟರೆ? ಕಾದ ಮುದ್ರೆ ಟೋಪಿಗೆ ಬಿದ್ದರೆ ತನಗೆ ಸಂತೋಷವಾಗುವುದಿಲ್ಲ ಎಂದು ಅವರಿಗೆ ಆಗ ಗೊತ್ತಾಯಿತು. ಈ ಮನೆಯ ಮುದ್ರೆ ಕರುಣೆಗೆ ಬೀಳಬಾರದು.

ಗುಬ್ಬಿ ದೀಪ ಆರಿಸಿ ಮುದ್ರೆಯನ್ನು ಪಕ್ಕಕ್ಕಿಟ್ಟಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿರಲಿಲ್ಲ.

"ಬುಟ್ಟಿಗೆ," ಎಂದಳು.

"ಯಾವ ಕಡೆ?"

"ಹಿಂದೆ, ಬಲಗಡೆ. ಮರಳುಕಾಗದ ಜಾಸ್ತಿ ಉಜ್ಜಿದ್ದೀರಿ, ತೆಳ್ಳಗಾಗಿದೆ. ಒಂದು ಮಳೆಗೆ ಜೋತು ಬೀಳತ್ತೆ."

ದೊಡ್ಡಪ್ಪ ಟೋಪಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹಿಂದೆ, ಬಲಗಡೆ, ಸಾಸಿವೆಯಷ್ಟು ಬೆಳಕು ಈಚೆಗೆ ಇಣುಕುತ್ತಿತ್ತು. ಅವರು ಬಾಗಿಲವರೆಗೆ ನಡೆದು ಅದನ್ನು ಬುಟ್ಟಿಗೆ ಹಾಕಿದರು. ತುತ್ತೂರಿಯವನು ತಕ್ಷಣ ಅದನ್ನು ಎತ್ತಿಕೊಂಡು, ಬುಟ್ಟಿಯದೇ ಅಲ್ಲವೇ, ಭಾವನಿಗೆ ಇದೇ ಇರಲಿ ಎಂದ. ತಮ್ಮ ಅವನ ಕೈಯಿಂದ ಕಿತ್ತುಕೊಳ್ಳಲು ಪಟ್ಟ ಪಾಡು ಬೇರೆಯದೇ ಕತೆ.

ಸಂಜೆ ಮಳೆ ಸಣ್ಣಗೆ ಉದುರುತ್ತಿದ್ದಾಗ ದೊಡ್ಡಪ್ಪ ಬರಿದಲೆಯಲ್ಲಿ ಮನೆಗೆ ಹೋದರು. ಬಾಗಿಲು ತೆರೆದ ದೊಡ್ಡಮ್ಮ ನೆಂದ ಕೂದಲನ್ನೂ ಬೋಳು ತುಟಿಯನ್ನೂ ನೋಡಿ ಟವೆಲ್ ಕೊಟ್ಟರು.

"ಟೋಪಿ ಎಲ್ಲಿ?"

"ಪಾಸಾಗಲಿಲ್ಲ. ಬುಟ್ಟಿಗೆ ಹೋಯ್ತು."

"ನಿಮ್ಮ ಟೋಪೀನಾ? ಯಾರು ಹಾಗಂದಿದ್ದು?"

"ಪರೀಕ್ಷೆ ಮಾಡೋರು," ಎಂದರು ದೊಡ್ಡಪ್ಪ, ಎದೆ ಉಬ್ಬಿಸಿ. ಆಮೇಲೆ ಎರಡೂ ಕೈಗಳನ್ನು ಮೇಜಿನ ಮೇಲೆ, ದೀಪದ ಕೆಳಗೆ, ಹೆಂಡತಿಗೆ ಕಾಣುವ ಹಾಗೆ ಇಟ್ಟು ಊಟಕ್ಕೆ ಕೂತರು.